11 ವರ್ಷದ ಮಗಳಿಗೆ ಓವರ್‌ಜೆಟ್ 9 ಮಿ.ಮೀ.: ಈಗಲೇ ಟ್ವಿನ್ ಬ್ಲಾಕ್ ಹಾಕಿಸುವುದೋ, ಕಾದು ನಾಲ್ಕು ಹಲ್ಲು ತೆಗೆಸುವುದೋ?

ಬದಿಯಡ್ಕದಿಂದ

ಮಗಳಿಗೆ 11 ವರ್ಷ 4 ತಿಂಗಳು. ಮೇಲಿನ ಬಾಚಿಹಲ್ಲು ಮುಂದೆ ಉಬ್ಬಿದೆ, ಗದ್ದ ಹಿಂದೆ. ಸುಮ್ಮನೆ ಕೂತಿರುವಾಗ ತುಟಿ ಸೇರುವುದಿಲ್ಲ. ಸೇರಿಸು ಅಂದರೆ ಗದ್ದದ ಚರ್ಮ ಬಿಗಿದು ಗುಳಿ ಗುಳಿ ಆಗ್ತದೆ. ಎರಡು ಕಡೆ ತೋರಿಸಿದ್ದೇವೆ, ಒಂದು ಗಡಿಯ ಈಚೆ, ಒಂದು ತಲಪಾಡಿ ದಾಟಿ ಆಚೆ. ಒಬ್ಬರು ಈಗಲೇ ಟ್ವಿನ್ ಬ್ಲಾಕ್ (ಕೆಳದವಡೆಯನ್ನು ಮುಂದೆ ಹಿಡಿಯುವ ಜೋಡಿ ಪ್ಲೇಟ್) ಹಾಕಬೇಕು, ತಡವಾದರೆ ದವಡೆ ಬೆಳೆಯುವ ಕಾಲ ದಾಟ್ತದೆ ಅಂತಾರೆ. ಇನ್ನೊಬ್ಬರು 13 ಆಗಲಿ, ಹಲ್ಲೆಲ್ಲ ಬರಲಿ, ಆಮೇಲೆ ಮೇಲೆ ಎರಡು ಕೆಳಗೆ ಎರಡು ತೆಗೆದು ಕ್ಲಿಪ್ ಹಾಕಿದರೆ ಒಂದೇ ಸಲಕ್ಕೆ ಮುಗೀತದೆ ಅಂತಾರೆ.

ಕೈಯಲ್ಲಿರುವ ವರದಿ ಹೀಗೆ: ಓವರ್‌ಜೆಟ್ (ಮೇಲಿನ ಬಾಚಿಹಲ್ಲು ಕೆಳಗಿನದ್ದಕ್ಕಿಂತ ಎಷ್ಟು ಮುಂದೆ ಅಂತ) 9 ಮಿ.ಮೀ., ಓವರ್‌ಬೈಟ್ (ಮೇಲಿನದ್ದು ಕೆಳಗಿನದ್ದನ್ನು ಎಷ್ಟು ಮುಚ್ತದೆ ಅಂತ) 6 ಮಿ.ಮೀ., ಕೆಳಗಿನ ಬಾಚಿಹಲ್ಲು ಅಂಗುಳಕ್ಕೆ ತಾಗ್ತದೆ. ಎಸ್‌ಎನ್‌ಎ 81, ಎಸ್‌ಎನ್‌ಬಿ 75, ಎಎನ್‌ಬಿ 6, ವಿಟ್ಸ್ +5, ಎಫ್‌ಎಮ್‌ಎ 24, ಐಎಮ್‌ಪಿಎ 97. ಕುತ್ತಿಗೆ ಮೂಳೆಯ ಹಂತ ಸಿಎಸ್ 3. ಕೆಳಸಾಲಿನಲ್ಲಿ ಜಾಗದ ಕೊರತೆ 2 ಮಿ.ಮೀ. ಒಪಿಜಿಯಲ್ಲಿ (ಎರಡೂ ಸಾಲಿನ ಹಲ್ಲು ಒಟ್ಟಿಗೆ ಕಾಣುವ ಎಕ್ಸ್‌ರೇ) ಹಲ್ಲುಗಳೆಲ್ಲ ಇವೆ; ಮೇಲಿನ ಎಡ ಕೋರೆಹಲ್ಲು ಪಕ್ಕದ ಬಾಚಿಹಲ್ಲಿನ ಬೇರಿನ ಮೇಲೆ ಸ್ವಲ್ಪ ಹಾಯ್ದ ಹಾಗೆ ಕಾಣ್ತದೆ ಅಂತ ಒಂದು ಸಾಲು ಬರೆದಿದ್ದಾರೆ. ಬಲಗಡೆ ಹಾಲು ಕೋರೆ ಅಲ್ಲಾಡ್ತಾ ಉಂಟು, ಎಡಗಡೆಯದ್ದು ಗಟ್ಟಿ.

ಯಾವುದು ಸರಿ? ಟ್ವಿನ್ ಬ್ಲಾಕಿನಿಂದ ದವಡೆ ನಿಜಕ್ಕೂ ಬೆಳೀತದಾ? ಹುಡುಗಿ ಯಕ್ಷಗಾನ ಕ್ಲಾಸಿಗೆ ಹೋಗ್ತಾಳೆ, ನವೆಂಬರ್ ಹೊತ್ತಿಗೆ ಉಪಜಿಲ್ಲಾ ಕಲೋತ್ಸವವೂ ಉಂಟು. ಮಾತಿಗೆ ತೊಂದರೆ ಆಗ್ತದಾ ಎಂಬುದೂ ಒಂದು ಚಿಂತೆ.

ವಕ್ರದಂತ

ವರದಿ ಚೆನ್ನಾಗಿ ಕೊಟ್ಟಿದ್ದಾರೆ, ಅದನ್ನೇ ಮೊದಲು ಓದುವ.

ಎಸ್‌ಎನ್‌ಎ ಅಂದರೆ ತಲೆಬುರುಡೆಯ ತಳದಿಂದ ನೋಡಿದರೆ ಮೇಲ್ದವಡೆ ಎಷ್ಟು ಮುಂದೆ ಉಂಟು ಅಂತ ತೋರಿಸುವ ಕೋನ, ಸಾಮಾನ್ಯವಾಗಿ 82ರ ಆಸುಪಾಸು. ಎಸ್‌ಎನ್‌ಬಿ ಕೆಳದವಡೆಯದ್ದು, 80ರ ಆಸುಪಾಸು. ನಿಮ್ಮ ಮಗಳದ್ದು 81 ಮತ್ತು 75. ಮೇಲ್ದವಡೆ ಇರಬೇಕಾದಲ್ಲೇ ಉಂಟು, ಹಿಂದೆ ಉಳಿದದ್ದು ಕೆಳದವಡೆ. ಹೊರಗಿನಿಂದ ನೋಡಿದರೆ "ಮೇಲಿನ ಹಲ್ಲು ಮುಂದೆ" ಅಂತಲೇ ಎಲ್ಲರಿಗೂ ಕಾಣುವುದು. ಎರಡರ ವ್ಯತ್ಯಾಸವೇ ಎಎನ್‌ಬಿ. ಸಾಮಾನ್ಯ 2, ಇಲ್ಲಿ 6. ಆದರೆ ಈ ಕೋನಗಳೆಲ್ಲ ಮೂಗಿನ ಬುಡದ ಒಂದು ಬಿಂದುವನ್ನು ನೆಚ್ಚಿಕೊಂಡಿವೆ. ಆ ಬಿಂದು ಕೆಲವರಲ್ಲಿ ಮುಂದಿರುತ್ತದೆ, ಕೆಲವರಲ್ಲಿ ಹಿಂದೆ, ಆಗ ಎಎನ್‌ಬಿ ದಾರಿ ತಪ್ಪಿಸ್ತದೆ. ಅದಕ್ಕಾಗಿ ವಿಟ್ಸ್: ಹಲ್ಲು ಕಚ್ಚುವ ಗೆರೆಯ ಮೇಲೆ ಎರಡೂ ದವಡೆಯಿಂದ ಲಂಬ ಇಳಿಸಿ ನಡುವಿನ ದೂರ ಅಳೆಯುವುದು. ಹುಡುಗಿಯರಲ್ಲಿ ಅದು ಸೊನ್ನೆಯ ಹತ್ತಿರ ಇರಬೇಕು. +5 ಬಂದಿರುವುದರಿಂದ ಎರಡು ಅಳತೆಗಳೂ ಒಂದೇ ಮಾತು ಹೇಳ್ತಾ ಇವೆ.

ಎಫ್‌ಎಮ್‌ಎ, ಅಂದರೆ ಕೆಳದವಡೆಯ ಅಂಚು ಎಷ್ಟು ಇಳಿಜಾರು ಅಂತ ತೋರಿಸುವ ಕೋನ, 24 ಇರುವುದು ಒಳ್ಳೆಯ ಸುದ್ದಿ. ಇದು 30 ದಾಟಿದ್ದರೆ, ಅಂದರೆ ಮುಖ ಉದ್ದವಾಗಿ ಬೆಳೆಯುವ ಜಾತಿಯದ್ದಾಗಿದ್ದರೆ, ದವಡೆಹಲ್ಲುಗಳನ್ನು ಸ್ವಲ್ಪ ಏರಲು ಬಿಟ್ಟರೂ ಗದ್ದ ಕೆಳಕ್ಕೂ ಹಿಂದಕ್ಕೂ ತಿರುಗ್ತದೆ. ಆಗ ಟ್ವಿನ್ ಬ್ಲಾಕ್ ಹಾಕುವ ಕೈ ಹಿಂಜರೀತದೆ. ಗಮನ ಇಡಬೇಕಾದದ್ದು ಐಎಮ್‌ಪಿಎ, ಅಂದರೆ ಕೆಳಗಿನ ಬಾಚಿಹಲ್ಲಿನ ವಾಲು. ಪುಸ್ತಕದಲ್ಲಿ 90 ಅಂತ ಉಂಟು, ನಮ್ಮ ಮಕ್ಕಳಲ್ಲಿ ಅದಕ್ಕಿಂತ ಹೆಚ್ಚೇ ಇರುವುದು ವಾಡಿಕೆ. 97 ಅಡ್ಡಿಯಿಲ್ಲ. ಆದರೆ ಟ್ವಿನ್ ಬ್ಲಾಕ್ ಈ ಹಲ್ಲುಗಳನ್ನು ಇನ್ನೂ ಕೆಲವು ಡಿಗ್ರಿ ಮುಂದಕ್ಕೆ ವಾಲಿಸಿಯೇ ವಾಲಿಸ್ತದೆ. ಅಲ್ಲಿಯ ಒಸಡು ತೆಳ್ಳಗಿದೆಯಾ ಅಂತ ಮೊದಲೇ ನೋಡಿಸಿ.

ಸಿಎಸ್ 3 ಅಂದರೆ ಕುತ್ತಿಗೆಯ ಎರಡನೇ ಮತ್ತು ಮೂರನೇ ಮೂಳೆಯ ಕೆಳ ಅಂಚು ಒಳಕ್ಕೆ ಬಾಗಿದೆ, ನಾಲ್ಕನೆಯದ್ದು ಇನ್ನೂ ಚಪ್ಪಟೆ. ಕೆಳದವಡೆ ಅತಿ ವೇಗವಾಗಿ ಬೆಳೆಯುವುದು ಇದಾದ ಮೇಲಿನ ಒಂದು ವರ್ಷದೊಳಗೆ. ಈ ಹಂತವನ್ನು ಓದುವಾಗ ಇಬ್ಬರು ಡಾಕ್ಟರು ಎರಡು ಹೇಳುವುದು ಅಪರೂಪವಲ್ಲ, ಹಾಗಾಗಿ ಇದೊಂದನ್ನೇ ನಂಬಬೇಡಿ. ಮನೆಯ ಗೋಡೆಗೆ ನಿಲ್ಲಿಸಿ ಮೂರು ತಿಂಗಳಿಗೊಮ್ಮೆ ಎತ್ತರ ಗುರುತು ಹಾಕಿ. ಏರಿಕೆ ಜೋರಾಗಿದ್ದರೆ ಕಾಲ ಬಂದಿದೆ ಅಂತ ಅರ್ಥ. ಹುಡುಗಿಯರಲ್ಲಿ ಎತ್ತರದ ಏರಿಕೆ ಅತಿ ಜೋರಾಗುವುದು ಮುಟ್ಟು ಶುರುವಾಗುವುದಕ್ಕಿಂತ ಸುಮಾರು ಒಂದು ವರ್ಷ ಮೊದಲು. ಮುಟ್ಟು ಆಗಿ ಹೋಗಿದ್ದರೆ ಬೆಳವಣಿಗೆ ನಿಂತಿಲ್ಲ, ಆದರೆ ಇಳಿಜಾರು ಹಿಡಿದಿದೆ.

ಒಂದು ಪರೀಕ್ಷೆ ನೀವೇ ಮಾಡಬಹುದು. ಮಗಳನ್ನು ಪಕ್ಕದಿಂದ ನೋಡುವ ಹಾಗೆ ಕೂರಿಸಿ. ಕೆಳದವಡೆಯನ್ನು ಮುಂದೆ ತಂದು ಮೇಲಿನ ಬಾಚಿಹಲ್ಲಿನ ತುದಿಗೆ ಕೆಳಗಿನದ್ದರ ತುದಿ ತಾಗಿಸಿ ತುಟಿ ಮುಚ್ಚಲು ಹೇಳಿ. ಆ ಮುಖ ನಿಮಗೆ ಹಿತವಾಗಿ ಕಂಡರೆ ಕೆಳದವಡೆಯನ್ನು ಮುಂದೆ ತರುವ ಚಿಕಿತ್ಸೆ ಅವಳಿಗೆ ಒಪ್ತದೆ. ಬಾಯಿಯ ಭಾಗವೆಲ್ಲ ಒಟ್ಟಾಗಿ ಮುಂದೆ ಬಂದ ಹಾಗೆ ಕಂಡರೆ ತೊಂದರೆ ಮೇಲ್ದವಡೆಯದ್ದು, ಟ್ವಿನ್ ಬ್ಲಾಕ್ ಅದಕ್ಕೆ ಮದ್ದಲ್ಲ.

"ದವಡೆ ಬೆಳೀತದಾ" ಎಂಬುದಕ್ಕೆ ನೇರ ಉತ್ತರ: ಸ್ವಲ್ಪ. ಬ್ರಿಟನ್ನಿನಲ್ಲಿ ಹಲವು ಆಸ್ಪತ್ರೆಗಳು ಸೇರಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಓವರ್‌ಜೆಟ್ ಇಳಿದದ್ದರಲ್ಲಿ ದೊಡ್ಡ ಪಾಲು ಹಲ್ಲುಗಳು ಸರಿದದ್ದರಿಂದ, ಸಣ್ಣ ಪಾಲು ಮೂಳೆಯಿಂದ. ಅದು ಎಳೆಯ ಮಕ್ಕಳ ಮೇಲೆ ಮಾಡಿದ್ದು; ಬೆಳವಣಿಗೆಯ ಜೋರಿನ ಕಾಲದಲ್ಲಿ ಮೂಳೆಯ ಪಾಲು ಸ್ವಲ್ಪ ಹೆಚ್ಚಬಹುದು. "ಗದ್ದ ಒಂದು ಸೆಂಟಿಮೀಟರ್ ಮುಂದೆ ಬರ್ತದೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಈಗ ನಿಜವಾಗಿ ತುರ್ತು ಇರುವ ವಿಷಯ. ನಿಮ್ಮ ಬರಹದಲ್ಲಿ ಅದು ಕೊನೆಯ ಸಾಲಿಗೆ ಹೋಗಿದೆ: ಎಡಗಡೆಯ ಕೋರೆಹಲ್ಲು. ಬಲಗಡೆ ಹಾಲು ಕೋರೆ ಅಲ್ಲಾಡ್ತಾ ಇರುವಾಗ ಎಡಗಡೆಯದ್ದು ಗಟ್ಟಿ ಅಂದರೆ ಒಳಗಿನಿಂದ ಬರುವ ಹಲ್ಲು ಅದರ ಬೇರನ್ನು ಕರಗಿಸ್ತಾ ಇಲ್ಲ, ಬೇರೆ ದಾರಿ ಹಿಡಿದಿದೆ. ತುಟಿ ಎತ್ತಿ ಹಾಲು ಕೋರೆಯ ಮೇಲಿನ ಒಸಡನ್ನು ಬೆರಳಿನಿಂದ ಒತ್ತಿ ನೋಡಿ. ಬಲಕ್ಕೆ ಉಬ್ಬು ಸಿಕ್ಕಿ ಎಡಕ್ಕೆ ಸಿಗದಿದ್ದರೆ ಹಲ್ಲು ಅಂಗುಳದ ಕಡೆ ಇರುವ ಸಂಭವ ಹೆಚ್ಚು. ಇದಕ್ಕೆ 10ರಿಂದ 13 ವರ್ಷದೊಳಗೆ ಒಂದು ಸುಲಭ ಉಪಾಯ ಉಂಟು, ಆ ಹಾಲು ಕೋರೆಯನ್ನು ತೆಗೆದುಬಿಡುವುದು. 1988ರ ಸ್ವೀಡನ್ನಿನ ಅಧ್ಯಯನದಲ್ಲಿ ಹೀಗೆ ಮಾಡಿದಾಗ 78 ಶೇಕಡಾ ಕೋರೆಹಲ್ಲುಗಳು ತಾವೇ ದಾರಿಗೆ ಬಂದವು. ಹಲ್ಲಿನ ತಲೆ ಪಕ್ಕದ ಬಾಚಿಹಲ್ಲಿನ ಬೇರಿನ ನಡುಗೆರೆ ದಾಟದಿದ್ದರೆ 91, ದಾಟಿದ್ದರೆ 64. ನಿಮ್ಮ ವರದಿ "ಸ್ವಲ್ಪ ಹಾಯ್ದಿದೆ" ಅನ್ನುತ್ತದೆ, ಅಂದರೆ ಈಗಿನ್ನೂ ಒಳ್ಳೆಯ ಗುಂಪಿನಲ್ಲಿದೆ. 13ರವರೆಗೆ ಕಾದರೆ ಅದು ಬಾಚಿಹಲ್ಲಿನ ಬೇರನ್ನೇ ತಿನ್ನಬಹುದು, ಇಲ್ಲವೇ ಅಂಗುಳ ಕೊಯ್ದು ಚೈನ್ ಕಟ್ಟಿ ಎಳೆಯುವ ಕೆಲಸ ಆಗ್ತದೆ. ಟ್ವಿನ್ ಬ್ಲಾಕ್ ಈ ತಿಂಗಳೋ ಮುಂದಿನ ತಿಂಗಳೋ ಅನ್ನುವುದಕ್ಕಿಂತ ಇದನ್ನು ಮೊದಲು ಕೇಳಿ.

ಒಂದೇ ಹಂತ

ವಕ್ರದಂತರು ಕೋರೆಹಲ್ಲಿನ ಬಗ್ಗೆ ಬರೆದದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆದರೆ ಕಾಯುವವರ ಪಕ್ಷವನ್ನೂ ಯಾರಾದರೂ ಹೇಳಬೇಕಲ್ಲ.

ಎರಡು ಹಂತದ ಚಿಕಿತ್ಸೆ ಅಂದರೆ ಮೊದಲು ಟ್ವಿನ್ ಬ್ಲಾಕ್, ನಂತರ ಒಂದಷ್ಟು ಬಿಡುವು, ನಂತರ ಕ್ಲಿಪ್. ಮಕ್ಕಳು ಬೇಸತ್ತು ಹೋಗ್ತಾರೆ. 2018ರ ಕಾಕ್ರೇನ್ ವಿಮರ್ಶೆ (ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡುವಂಥದ್ದು) 7ರಿಂದ 11 ವರ್ಷದಲ್ಲೇ ಶುರು ಮಾಡಿದವರನ್ನೂ ಹದಿಹರೆಯದಲ್ಲಿ ಒಂದೇ ಸಲ ಮಾಡಿದವರನ್ನೂ ಹೋಲಿಸಿತು. ಕೊನೆಯ ಓವರ್‌ಜೆಟ್, ಕೊನೆಯ ಎಎನ್‌ಬಿ ಎರಡರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಬೇಗ ಶುರು ಮಾಡಿದ್ದರಿಂದ ಸಿಕ್ಕಿದ ಲಾಭ ಒಂದೇ: ಬಿದ್ದು ಮೇಲಿನ ಬಾಚಿಹಲ್ಲು ಮುರಿದುಕೊಳ್ಳುವುದು ಕಡಿಮೆಯಾಯಿತು.

ವಕ್ರದಂತ

ಆ ವಿಮರ್ಶೆ ಸರಿಯೇ. ಆದರೆ ಅಲ್ಲಿ "ಬೇಗ" ಅಂದದ್ದು ಬೆಳವಣಿಗೆಯ ಜೋರು ಶುರುವಾಗುವ ಮೊದಲು. ಈ ಹುಡುಗಿ ಸಿಎಸ್ 3ರಲ್ಲಿ ಇದ್ದಾಳೆ, ಅವಳಿಗೆ ಈಗ ಹಾಕುವುದು ಬೇಗ ಅಲ್ಲ, ಸರಿಯಾದ ಹೊತ್ತು. ಈಗ ಹಾಕಿ 9 ತಿಂಗಳು ಟ್ವಿನ್ ಬ್ಲಾಕ್, ಮತ್ತೆ ಕೆಲವು ತಿಂಗಳು ಸ್ಥಿರ ಮಾಡುವ ಪ್ಲೇಟ್, ಅಷ್ಟರಲ್ಲಿ ಉಳಿದ ಹಲ್ಲು ಬಂದು ಮುಗೀತದೆ, ನಡುವೆ ಬಿಡುವಿಲ್ಲದೆ ಕ್ಲಿಪ್ ಹಾಕಬಹುದು. ಇದೇ ವರದಿ 8 ವರ್ಷದ ಮಗುವಿನದ್ದಾಗಿದ್ದರೆ ನಾನೂ ಕಾಯಿರಿ ಅನ್ನುತ್ತಿದ್ದೆ, ಶಾಲೆಯಲ್ಲಿ ಹಾಕಿಕೊಳ್ಳಲು ಮೌತ್ ಗಾರ್ಡ್ ಒಂದನ್ನು ಮಾಡಿಸಿ. ತುಟಿ ಮುಚ್ಚದೆ 9 ಮಿ.ಮೀ. ಮುಂದಿರುವ ಹಲ್ಲು ಆಟದ ಮೈದಾನದಲ್ಲಿ ಮೊದಲು ನೆಲಕ್ಕೆ ತಾಗುವ ಹಲ್ಲು.

ನಾಲ್ಕು ಹಲ್ಲು ತೆಗೆಯುವುದಕ್ಕೆ ನನ್ನ ತಕರಾರು ಮುಖ್ಯವಾಗಿ ಕೆಳಗಿನ ಎರಡರ ಬಗ್ಗೆ. ಕೊರತೆ ಬರೀ 2 ಮಿ.ಮೀ. ಅಲ್ಲಿ ಪ್ರೀಮೋಲಾರ್ (ಕೋರೆಹಲ್ಲಿಗೂ ದವಡೆಹಲ್ಲಿಗೂ ನಡುವಿನ ಹಲ್ಲು) ತೆಗೆದರೆ ಒಂದೊಂದು ಕಡೆ ಸುಮಾರು 7 ಮಿ.ಮೀ. ಖಾಲಿ. ಅದನ್ನು ಮುಚ್ಚುವಾಗ ಕೆಳಗಿನ ಬಾಚಿಹಲ್ಲು ಹಿಂದೆ ಹೋಗ್ತದೆ, ಓವರ್‌ಜೆಟ್ ಇದ್ದಲ್ಲೇ ಉಳೀತದೆ, ಈಗಾಗಲೇ ಅಂಗುಳಕ್ಕೆ ತಾಗುವ ಡೀಪ್ ಬೈಟ್ ಇನ್ನೂ ಆಳ ಆಗ್ತದೆ. ಮೇಲಿನ ಎರಡನ್ನು ಮಾತ್ರ ತೆಗೆಯುವುದು ಬೇರೆ ಲೆಕ್ಕ, ಬೆಳವಣಿಗೆ ಮುಗಿದವರಿಗೆ ಅದೊಂದು ಒಪ್ಪಿತ ದಾರಿ. ಆದರೆ ಅದು ಹಿಂದಿರುವ ಗದ್ದವನ್ನು ಹಾಗೇ ಬಿಟ್ಟು ಮುಂದಿರುವ ಹಲ್ಲನ್ನು ಹಿಂದೆ ಎಳೆಯುವುದು. 11ರಲ್ಲಿ ಆ ಬಾಗಿಲಿಗೆ ಹೋಗಬೇಕಾಗಿಲ್ಲ. ಟ್ವಿನ್ ಬ್ಲಾಕ್ ಮುಗಿದ ಮೇಲೆ ಮತ್ತೆ ಅಚ್ಚು ತೆಗೆದು, ಜಾಗ ಅಳೆದು, ಮತ್ತೊಂದು ಸೆಫಲೋಗ್ರಾಂ (ಪಕ್ಕದಿಂದ ತೆಗೆದ ತಲೆಯ ಎಕ್ಸ್‌ರೇ, ಈ ಕೋನಗಳನ್ನು ಅಳೆಯುವುದು ಅದರಲ್ಲೇ) ನೋಡಿ ತೀರ್ಮಾನ ಮಾಡಲಿ.

ಒಂದೇ ಹಂತ

ಕೆಳಗಿನ ಎರಡರ ವಿಷಯದಲ್ಲಿ ವಾದವಿಲ್ಲ. ಪೋಷಕರಿಗೆ ಒಂದು ಮಾತು: "ಒಂದೇ ಸಲಕ್ಕೆ ಮುಗೀತದೆ" ಅಂದ ಡಾಕ್ಟರ ಹತ್ತಿರ ಕೆಳಗಿನ ಹಲ್ಲು ಯಾಕೆ ಅಂತ ಅಳತೆ ಸಮೇತ ಕೇಳಿ. ನಿಮ್ಮಲ್ಲಿಲ್ಲದ ಅಳತೆ ಅವರ ಹತ್ತಿರ ಇದ್ದೀತು. ಮತ್ತೆ, ಹುಡುಗಿ ದಿನಕ್ಕೆ 8 ಗಂಟೆ ಮಾತ್ರ ಹಾಕುವವಳಾದರೆ ಟ್ವಿನ್ ಬ್ಲಾಕ್ ಶುರು ಮಾಡದಿರುವುದೇ ಮೇಲು.

ಅಕ್ರಿಲಿಕ್ ಭಟ್ರು

ಡಾಕ್ಟರುಗಳ ಜಗಳದಲ್ಲಿ ನಾನಿಲ್ಲ, ಪ್ಲೇಟ್ ಮಾಡುವ ಕಡೆಯಿಂದ ನಾಲ್ಕು ಮಾತು.

ಟ್ವಿನ್ ಬ್ಲಾಕ್ ಅಂದರೆ ಮೇಲೊಂದು ಕೆಳಗೊಂದು ಪ್ಲೇಟ್, ಎರಡರಲ್ಲೂ ಅಕ್ರಿಲಿಕ್ ಗಟ್ಟಿ. ಬಾಯಿ ಮುಚ್ಚಿದಾಗ ಆ ಗಟ್ಟಿಗಳ ಇಳಿಜಾರು ಒಂದಕ್ಕೊಂದು ತಾಗಿ ಕೆಳದವಡೆಯನ್ನು ಮುಂದೆಯೇ ನಿಲ್ಲಿಸ್ತದೆ. ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ 1977ರಲ್ಲಿ ಮಾಡಿದ್ದು. ಒಂದು ಕಾಲದಲ್ಲಿ ಇಳಿಜಾರು 45 ಡಿಗ್ರಿ ಇತ್ತು, ಆಮೇಲೆ 70 ಆಯಿತು. ಇಳಿಜಾರು ಸಡಿಲವಾದರೆ ಮಗು ಅದರ ಮೇಲೆಯೇ ಜಾರಿ ಹಿಂದೆ ಕಚ್ಚಲು ಕಲೀತದೆ. ಗಟ್ಟಿಯ ದಪ್ಪ 5ರಿಂದ 6 ಮಿ.ಮೀ. ಬೇಕೇ ಬೇಕು. "ಬಾಯಿ ತುಂಬಿದ ಹಾಗಾಗ್ತದೆ" ಅಂತ ಮಗು ಅತ್ತದ್ದಕ್ಕೆ ತೆಳ್ಳಗೆ ಅರೆದರೆ ಪ್ಲೇಟ್ ದಂಡ. ದವಡೆ ಸಡಿಲ ಬಿಟ್ಟು ಮಲಗಿದಾಗ ಎರಡು ಗಟ್ಟಿಗಳೂ ಒಂದನ್ನೊಂದು ಬಿಟ್ಟು ಕಚ್ಚು ಹಿಂದೆ ಹೋಗ್ತದೆ.

ಕೆಡುವುದು ಹೆಚ್ಚಾಗಿ ಎಲ್ಲಿ ಅಂದರೆ ಬೈಟ್, ಅಂದರೆ ದವಡೆ ಮುಂದೆ ತಂದು ಕಚ್ಚಿಸಿದ ಗುರುತು, ತೆಗೆಯುವಲ್ಲಿ. ಓವರ್‌ಜೆಟ್ 10 ಮಿ.ಮೀ. ಒಳಗಿದ್ದರೆ ಒಂದೇ ಸಲಕ್ಕೆ ತುದಿಗೆ ತುದಿ ತಂದು, ನಡುವೆ 2 ಮಿ.ಮೀ. ತೆರವು ಇಟ್ಟು ಬೈಟ್ ತೆಗೀತಾರೆ. ಕೆಲವರು 6ರಿಂದ 7ಕ್ಕೇ ನಿಲ್ಲಿಸಿ ಮತ್ತೆ ಅಕ್ರಿಲಿಕ್ ಸೇರಿಸಿ ಮುಂದೆ ತರ್ತಾರೆ, ಅದೂ ಆಗಬಹುದು. ಮೇಣದ ಬೈಟನ್ನು ಏಪ್ರಿಲ್ ತಿಂಗಳಲ್ಲಿ ಬಸ್ಸಿನ ಪಾರ್ಸೆಲ್‌ನಲ್ಲಿ ಮಂಗಳೂರಿಗೆ ಕಳಿಸಿದರೆ ಲ್ಯಾಬಿಗೆ ತಲುಪುವಾಗ ಅದು ಬಾಯಿಯ ಬೈಟ್ ಆಗಿ ಉಳಿದಿರುವುದಿಲ್ಲ. ಸಿಲಿಕಾನ್‌ನಲ್ಲಿ ತೆಗೆದರೆ ಈ ತೊಂದರೆ ಇಲ್ಲ. ಹಲ್ಲಿನ ಆಲ್ಜಿನೇಟ್ ಅಚ್ಚೂ ಹಾಗೆಯೇ, ತೆಗೆದ ಅರ್ಧ ಗಂಟೆಯೊಳಗೆ ಕ್ಲಿನಿಕ್ಕಿನಲ್ಲೇ ಡೆಂಟಲ್ ಸ್ಟೋನ್ (ಗಟ್ಟಿಯಾಗುವ ಜಿಪ್ಸಂ) ಸುರಿದು ಮಾದರಿಯನ್ನು ಕಳಿಸಬೇಕು. ಒಣಗಿದರೆ ಕುಗ್ಗುತ್ತದೆ, ನೀರಲ್ಲಿ ಮುಳುಗಿಸಿಟ್ಟರೆ ಉಬ್ಬುತ್ತದೆ. ಪ್ಲೇಟ್ ಬಂದ ದಿನ ಎರಡೂ ಕಡೆ ಬೆರಳಿಟ್ಟು ಕುಕ್ಕಿ ನೋಡಲು ಹೇಳಿ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳ್ತದೆ ಅಂತಾದರೆ ಮರಳಿ ಲ್ಯಾಬಿಗೆ ಹೋಗಬೇಕು.

ನಿಮ್ಮ ಮಗಳ ವಯಸ್ಸಿಗೆ ಇನ್ನೊಂದು: ಕ್ಲಾಸ್ಪ್ (ಪ್ಲೇಟನ್ನು ಹಲ್ಲಿಗೆ ಹಿಡಿಸುವ ತಂತಿಯ ಕೊಕ್ಕೆ) ಹಿಡಿಯುವುದು ಮೊದಲ ದವಡೆಹಲ್ಲು ಮತ್ತು ಮೊದಲ ಪ್ರೀಮೋಲಾರ್ ಮೇಲೆ. ಪ್ರೀಮೋಲಾರ್ ಬಂದಿಲ್ಲ, ಹಾಲು ದವಡೆಹಲ್ಲು ಅಲ್ಲಾಡ್ತಾ ಉಂಟು ಅಂತಾದರೆ ಹಿಡಿತ ಇರುವುದಿಲ್ಲ, ಪ್ಲೇಟ್ ನಾಲಗೆಯಲ್ಲಿ ಕುಣೀತದೆ. ಆಗ ಒಂದೆರಡು ತಿಂಗಳು ತಡೆಯುವುದು ಸರಿ. 0.7 ಮಿ.ಮೀ. ಸ್ಟೀಲ್ ತಂತಿಯ ಕ್ಲಾಸ್ಪ್ ಮುರಿಯುವುದು ಮಗು ನಾಲಗೆಯಿಂದ ಪ್ಲೇಟನ್ನು ಎತ್ತಿ ಕೂರಿಸುವ ಅಭ್ಯಾಸ ಮಾಡಿದರೆ. ತೆಗೆಯುವಾಗ ಎರಡು ಕಡೆಯ ಕ್ಲಾಸ್ಪಿಗೂ ಒಟ್ಟಿಗೆ ಉಗುರು ಹಾಕಿ ತೆಗೆಯಬೇಕು.

ಬದಿಯಡ್ಕದಿಂದ

ಎಲ್ಲರಿಗೂ ಧನ್ಯವಾದ. ಎಡಗಡೆ ಬೆರಳಿಗೆ ಉಬ್ಬು ಸಿಗಲಿಲ್ಲ, ಬಲಗಡೆ ಸ್ಪಷ್ಟವಾಗಿ ಉಂಟು. ಪಕ್ಕದಿಂದ ನೋಡುವ ಪರೀಕ್ಷೆಯಲ್ಲಿ ಮುಖ ಚೆನ್ನಾಗಿಯೇ ಕಾಣ್ತದೆ. ಪ್ರೀಮೋಲಾರ್ ನಾಲ್ಕೂ ಬಂದಿವೆ. ಊಟಕ್ಕೆ, ಮಾತಿಗೆ ಹೇಗೆ ಅಂತ ಯಾರಾದರೂ ಹೇಳಿ.

ಇನ್ನೊಂದು. ಚಿಕ್ಕವನಿಗೆ 8 ವರ್ಷ. ಅವನದ್ದು ತದ್ವಿರುದ್ಧ, ಕಚ್ಚಿದಾಗ ಕೆಳಗಿನ ಬಾಚಿಹಲ್ಲು ಮುಂದೆ ಬರ್ತದೆ. ಅವನದ್ದಕ್ಕೂ ಕಾಯಬಹುದಾ? ಅವನ ಅಜ್ಜನಿಗೂ ಗದ್ದ ಮುಂದೆಯೇ ಇತ್ತು.

ಪೈವಳಿಕೆ ಅಕ್ಕ

ಊಟ ಮಾತಿನ ವಿಷಯ ನಾನು ಹೇಳ್ತೇನೆ.

ಪ್ಲೇಟ್ ಹಾಕಬೇಕಾದದ್ದು ಇಡೀ ದಿನ, ಊಟಕ್ಕೂ. ಜಗಿಯುವ ಬಲವೇ ಇಲ್ಲಿ ಕೆಲಸ ಮಾಡುವುದು. ತೆಗೆಯುವುದು ಹಲ್ಲುಜ್ಜುವಾಗ, ಈಜುವಾಗ, ಕಬಡ್ಡಿಯಂಥ ಆಟಕ್ಕೆ ಮಾತ್ರ. ಮೊದಲ ವಾರ ಬಾಯಿ ತುಂಬ ಜೊಲ್ಲು, "ಸ" "ಶ" ತೊದಲು, ಬೆಳಗ್ಗೆ ಕಿವಿಯ ಮುಂದೆ ನೋವು, ಇದೆಲ್ಲ ಆಗುವುದೇ. ಊಟಕ್ಕೆ ತೀರಾ ಆಗದಿದ್ದರೆ ಆ ಒಂದು ವಾರ ಊಟಕ್ಕೆ ತೆಗೆಯಲಿ, ಎರಡನೇ ವಾರದಿಂದ ಇಲ್ಲ. ಗಂಜಿ, ನೀರುದೋಸೆ, ಕೊಟ್ಟಿಗೆ, ಮೆತ್ತಗಿನ ಅನ್ನ ಸಾರಿನಿಂದ ಶುರು ಮಾಡಿ. ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದಿಸಿ, ಯಕ್ಷಗಾನದ ಅರ್ಥದ ಮಾತುಗಳೇ ಆದೀತು. ಎರಡು ಮೂರು ವಾರದಲ್ಲಿ ಮಾತು ಸರಿ ಬರ್ತದೆ. ಮಾತು ಸರಿ ಬಾರದೇ ಇದ್ದರೆ ಅದು ಹಾಕ್ತಾ ಇಲ್ಲ ಎಂಬುದರ ಮೊದಲ ಗುರುತು. ಕಲೋತ್ಸವದ ವೇದಿಕೆ ಹತ್ತುವ ಅರ್ಧ ಗಂಟೆ ತೆಗೆದರೆ ಏನೂ ಆಗದು. ಬಣ್ಣ ಹಚ್ಚಿ ತೆಗೆಯುವ ಹೊತ್ತೆಲ್ಲ ಸೇರಿಸಿ ಒಂದು ಇಡೀ ಸಂಜೆ ಪ್ಲೇಟ್ ಕಿಸೆಯಲ್ಲಿ ಉಳಿದರೆ ಮಾತ್ರ ಮರುದಿನ ಹಾಕುವಾಗ ಬಿಗಿ ಅನಿಸ್ತದೆ. ಡಬ್ಬಿ ಕೊಟ್ಟಿರ್ತಾರೆ, ಅದರಲ್ಲೇ ಇಡಬೇಕು. ಪೇಪರಿನಲ್ಲಿ ಸುತ್ತಿಟ್ಟ ಪ್ಲೇಟ್ ಕಸದ ಜೊತೆ ಹೋಗುವುದೇ ಹೆಚ್ಚು.

ಪ್ಲೇಟನ್ನು ಬಿಸಿನೀರಲ್ಲಿ ತೊಳೆಯಬೇಡಿ, ಅಕ್ರಿಲಿಕ್ ಸೊಟ್ಟಗಾಗ್ತದೆ. ತಣ್ಣೀರು, ಮೆತ್ತಗಿನ ಬ್ರಷ್, ಸ್ವಲ್ಪ ಸೋಪು ಸಾಕು. ಮೇಲಿನ ಪ್ಲೇಟಿನ ನಡುವೆ ಸ್ಕ್ರೂ ಇದ್ದರೆ, ಕೆಳದವಡೆ ಮುಂದೆ ಬಂದಾಗ ಮೇಲಿನ ಸಾಲು ಇಕ್ಕಟ್ಟಾಗದಿರಲಿ ಅಂತ, ಸಾಮಾನ್ಯವಾಗಿ ವಾರಕ್ಕೆ ಒಂದು ತಿರುವು ಹೇಳ್ತಾರೆ. ಮರೆತ ವಾರದ್ದನ್ನು ಸೇರಿಸಿ ಒಟ್ಟಿಗೆ ಎರಡು ತಿರುಗಿಸಬೇಡಿ, ಪ್ಲೇಟ್ ಕೂರುವುದಿಲ್ಲ.

ಕೆಲಸ ಆಗ್ತಾ ಉಂಟಾ ಅಂತ ತಿಳಿಯಲು ಆರು ವಾರಕ್ಕೊಮ್ಮೆ ಓವರ್‌ಜೆಟ್ ಅಳೀತಾರೆ. ಪ್ಲೇಟ್ ತೆಗೆದು, ಗದ್ದವನ್ನು ಮೆತ್ತಗೆ ಹಿಂದೆ ಒತ್ತಿ ಕಚ್ಚಿಸಿ ಅಳೆಯಬೇಕು. ಮಗು ತಾನೇ ಮುಂದೆ ತಂದು ಕಚ್ಚಿದರೆ ಅಳತೆ ಸುಳ್ಳು. ತಿಂಗಳಿಗೆ ಸುಮಾರು 1 ಮಿ.ಮೀ. ಇಳಿಯಬೇಕು. ಎರಡು ಭೇಟಿಯಲ್ಲೂ ಇಳಿಯದಿದ್ದರೆ ಹಾಕ್ತಾ ಇಲ್ಲ ಅಂತಲೇ ತಿಳಿಯಿರಿ, ಬೈಯ್ಯಬೇಡಿ, ಎಲ್ಲಿ ನೋಯ್ತದೆ ಅಂತ ಕೇಳಿ. ಮುಂದಿನ ಹಲ್ಲು ಸರಿಯಾಗಿ ಹಿಂದಿನ ಎರಡು ಕಡೆ ಕಚ್ಚು ತೆರೆದ ಹಾಗೆ ಕಂಡರೆ ಗಾಬರಿ ಬೇಡ. ನಿಮ್ಮ ಮಗಳಂಥ ಡೀಪ್ ಬೈಟಿಗೆ ಮೇಲಿನ ಗಟ್ಟಿಯನ್ನು ಸ್ವಲ್ಪ ಸ್ವಲ್ಪವೇ ಅರೆದು ಕೆಳಗಿನ ದವಡೆಹಲ್ಲು ಮೇಲೇರಲು ಜಾಗ ಕೊಡ್ತಾರೆ, ಆ ತೆರವು ಹಾಗೆ ತುಂಬ್ತದೆ.

ಮುಂದೆ ಕ್ಲಿಪ್ ಬಂದಾಗ ಹಲಸಿನ ಹಪ್ಪಳ, ಚಕ್ಕುಲಿ, ಸಾಂತಾಣಿ, ಹುರಿದ ಗೇರುಬೀಜ, ಕಲ್ಲುಸಕ್ಕರೆ ಎಲ್ಲ ಬಂದ್. ಮಾವು, ಪೇರಳೆ ಕಚ್ಚಿ ತಿನ್ನದೆ ಹೆಚ್ಚಿ ತಿನ್ನಲಿ. ಬ್ರಾಕೆಟ್ (ಹಲ್ಲಿಗೆ ಅಂಟಿಸುವ ಕ್ಲಿಪ್ಪಿನ ತುಂಡು) ಕಿತ್ತು ಬಂದರೆ ಆ ಹಲ್ಲು ತಂತಿಯಿಂದ ತಪ್ಪಿಹೋಗಿ ಒಂದೆರಡು ತಿಂಗಳ ಕೆಲಸ ಹಿಂದೆ ಬೀಳ್ತದೆ. ಬ್ರಾಕೆಟಿನ ಸುತ್ತ ಉಜ್ಜದಿದ್ದರೆ ಕ್ಲಿಪ್ ತೆಗೆದ ದಿನ ಬಿಳಿ ಮಚ್ಚೆ ಕಾಣುವುದು ಗ್ಯಾರಂಟಿ; ಫ್ಲೋರೈಡ್ ಪೇಸ್ಟಿನಲ್ಲಿ ದಿನಕ್ಕೆ ಎರಡು ಸಲ ಆಗಲೇಬೇಕು.

ವಕ್ರದಂತ

ಉಬ್ಬು ಒಂದೇ ಕಡೆ ಇರುವುದು ಗೊತ್ತಾದ ಮೇಲೆ ಕೋರೆಹಲ್ಲಿನ ಕೆಲಸಕ್ಕೆ ಈ ವಾರವೇ ಹೋಗಿ.

ಚಿಕ್ಕವನಿಗೆ ಕಾಯಬಾರದು. ಅಕ್ಕನಿಗೆ ಸರಿಯಾದ ಹೊತ್ತು 11 ಆದರೆ ಇವನಿಗೆ 8 ಸರಿಯಾದ ಹೊತ್ತು. ಕಾರಣ, ಇವನಲ್ಲಿ ಮುಂದೆ ಎಳೆಯಬೇಕಾದದ್ದು ಮೇಲ್ದವಡೆ ಆಗಿರಬಹುದು. ಅದರ ಹಿಂದಿನ ಜೋಡುಗಳು ವಯಸ್ಸು ಏರಿದ ಹಾಗೆ ಬಿಗಿಯಾಗ್ತಾ ಹೋಗ್ತವೆ. 10 ದಾಟಿದರೆ ಎಳೆದಷ್ಟು ಮೂಳೆ ಬರುವುದಿಲ್ಲ, ಹಲ್ಲೇ ಹೆಚ್ಚು ಬರ್ತದೆ.

ಮೊದಲು ನೋಡಬೇಕಾದದ್ದು ಅವನು ನಿಜಕ್ಕೂ ಹಾಗೆ ಕಚ್ಚುತ್ತಾನಾ, ಇಲ್ಲ ಜಾರಿಸಿ ಕಚ್ಚುತ್ತಾನಾ ಅಂತ. ನಾಲಗೆಯ ತುದಿಯನ್ನು ಅಂಗುಳದ ಹಿಂದಕ್ಕೆ ಮಡಚಿಟ್ಟುಕೊಂಡು ನಿಧಾನವಾಗಿ ಬಾಯಿ ಮುಚ್ಚಲು ಹೇಳಿ. ಬಾಚಿಹಲ್ಲುಗಳು ತುದಿಗೆ ತುದಿ ತಾಗಿ, ಅಲ್ಲಿಂದ ದವಡೆ ಮುಂದೆ ಜಾರಿ ಕೂತರೆ ತೊಂದರೆಯ ದೊಡ್ಡ ಪಾಲು ಹಲ್ಲಿನದ್ದು. ಇದಕ್ಕೆ ಹಿಂದಿನ ಹಲ್ಲುಗಳ ಮೇಲೆ ಅಕ್ರಿಲಿಕ್ ಏರಿಸಿ ಮುಂದೆ ಜೆಡ್ ಸ್ಪ್ರಿಂಗ್ ಇಟ್ಟ ಪ್ಲೇಟ್ ಸಾಕು, ಕೆಲವೇ ತಿಂಗಳ ಕೆಲಸ. ಅಕ್ರಿಲಿಕ್ ಮುಂದಿನ ಹಲ್ಲುಗಳನ್ನು ಬಿಡಿಸುವಷ್ಟು ದಪ್ಪ ಇರಬೇಕು, ಇಲ್ಲದಿದ್ದರೆ ಸ್ಪ್ರಿಂಗ್ ತಳ್ಳಿದ್ದನ್ನು ಕೆಳಗಿನ ಹಲ್ಲು ಪ್ರತಿ ಕಚ್ಚಿನಲ್ಲೂ ಹಿಂದೆ ತಳ್ಳುತ್ತದೆ. ಹಾಗಾಗದೆ ತುದಿಗೆ ತುದಿ ತರಲು ಅವನಿಂದ ಆಗುವುದೇ ಇಲ್ಲ ಅಂತಾದರೆ ಸೆಫಲೋಗ್ರಾಂ ಬೇಕು. ಎಸ್‌ಎನ್‌ಎ ಕಡಿಮೆ ಬಂದರೆ ಫೇಸ್ ಮಾಸ್ಕ್.

ಫೇಸ್ ಮಾಸ್ಕ್ ಅಂದರೆ ಹಣೆಗೂ ಗದ್ದಕ್ಕೂ ಆನಿಸುವ ಚೌಕಟ್ಟು. ಬಾಯೊಳಗಿನ ಪ್ಲೇಟಿನ ಕೊಕ್ಕೆಯಿಂದ ಅದಕ್ಕೆ ರಬ್ಬರ್ ಹಾಕಿ ಮೇಲ್ದವಡೆಯನ್ನು ಮುಂದೆ ಎಳೆಯುವುದು. ಕೊಕ್ಕೆ ಕೋರೆಹಲ್ಲಿನ ಹತ್ತಿರ ಇರಬೇಕು, ಎಳೆತ ಕಚ್ಚುಗೆರೆಯಿಂದ ಸುಮಾರು 30 ಡಿಗ್ರಿ ಕೆಳಕ್ಕೆ. ಹಿಂದಿನ ದವಡೆಹಲ್ಲಿಗೆ ಕಟ್ಟಿ ನೇರ ಮುಂದೆ ಎಳೆದರೆ ಮೇಲ್ದವಡೆ ಮುಂದೆ ಬರುವಾಗ ಹಿಂಭಾಗ ಇಳಿದು ಮುಂದೆ ಕಚ್ಚು ತೆರೆದುಕೊಳ್ತದೆ. ಬಲ ಮೊದಲ ವಾರಗಳಲ್ಲಿ ಒಂದೊಂದು ಕಡೆ 200 ಗ್ರಾಂ, ನಂತರ 400ರ ಹತ್ತಿರ, ಗೇಜಿನಲ್ಲಿ ಅಳೆದು. ದಿನಕ್ಕೆ 12ರಿಂದ 14 ಗಂಟೆ, ಅಂದರೆ ಶಾಲೆಯಿಂದ ಬಂದ ಮೇಲಿನಿಂದ ಬೆಳಗ್ಗೆವರೆಗೆ. ಶಾಲೆಗೆ ಹಾಕಿಕೊಂಡು ಹೋಗಬೇಕಾಗಿಲ್ಲ. 6ರಿಂದ 12 ತಿಂಗಳು. ಸರಿಯಾದಲ್ಲಿಗೆ ನಿಲ್ಲಿಸುವುದಿಲ್ಲ, ಓವರ್‌ಜೆಟ್ 3ರಿಂದ 4 ಮಿ.ಮೀ. ಆಗುವವರೆಗೆ ಮುಂದೆ ತರ್ತಾರೆ, ಮುಂದೆ ಕೆಳದವಡೆ ಬೆಳೆದು ಸ್ವಲ್ಪ ತಿಂದುಹಾಕ್ತದೆ ಅಂತ ಗೊತ್ತಿರುವುದರಿಂದ.

ಅಜ್ಜನ ಗದ್ದದ ವಿಷಯ ಹೇಳಿದ್ದು ಒಳ್ಳೆಯದಾಯಿತು. ಮನೆತನದಲ್ಲಿ ಇದ್ದರೆ ಈಗ ಸರಿಯಾದದ್ದು 15ರಲ್ಲಿ ಮತ್ತೆ ಕೈಕೊಡಬಹುದು. ಬ್ರಿಟನ್ನಿನಲ್ಲಿ 10ಕ್ಕಿಂತ ಕೆಳಗಿನ ಮಕ್ಕಳ ಮೇಲೆ ನಡೆಸಿ ಆರು ವರ್ಷದ ನಂತರ, 2016ರಲ್ಲಿ, ಪ್ರಕಟಿಸಿದ ಅಧ್ಯಯನದಲ್ಲಿ ಫೇಸ್ ಮಾಸ್ಕ್ ಹಾಕಿದವರಲ್ಲಿ 36 ಶೇಕಡಾ ಮಕ್ಕಳಿಗೆ, ಹಾಕದವರಲ್ಲಿ 66 ಶೇಕಡಾ ಮಕ್ಕಳಿಗೆ ಮುಂದೆ ದವಡೆ ಶಸ್ತ್ರಚಿಕಿತ್ಸೆ ಬೇಕಾದೀತು ಅಂತ ತಜ್ಞರು ಅಂದಾಜಿಸಿದರು. ಹಾಕಿದರೂ ಮೂರರಲ್ಲಿ ಒಬ್ಬನಿಗೆ ಬೇಕಾಗ್ತದೆ ಎಂಬುದನ್ನು ಮೊದಲೇ ತಿಳಿದಿರಿ, ಡಾಕ್ಟರನ್ನು ಆಮೇಲೆ ದೂರುವುದು ಬೇಡ. ಆ ಶಸ್ತ್ರಚಿಕಿತ್ಸೆಯನ್ನು ಹುಡುಗರಿಗೆ ಬೆಳವಣಿಗೆ ನಿಂತದ್ದು ಖಚಿತವಾಗುವ ಮೊದಲು, ಹೆಚ್ಚಾಗಿ 18ಕ್ಕಿಂತ ಮೊದಲು, ಯಾರೂ ಮಾಡುವುದಿಲ್ಲ.

ಬಾಯಿಯಿಂದ ಉಸಿರಾಡ್ತಾನಾ, ರಾತ್ರಿ ಗೊರಕೆ ಉಂಟಾ ಅಂತಲೂ ನೋಡಿ. ಇದ್ದರೆ ಇಎನ್‌ಟಿಯವರಿಗೆ ತೋರಿಸಿ. ಅಡಿನಾಯ್ಡ್ (ಮೂಗಿನ ಹಿಂದಿನ ಗ್ರಂಥಿ) ಅದೇ ಸೆಫಲೋಗ್ರಾಂನಲ್ಲಿ ನೆರಳಾಗಿ ಕಾಣ್ತದೆ, ಬೇರೆ ಎಕ್ಸ್‌ರೇ ಹೆಚ್ಚಾಗಿ ಬೇಡ.

ಎಕ್ಸ್‌ರೇ ಅಂದಾಗ ನೆನಪಾಯಿತು. ಡೆಂಟಲ್ ಕಾಲೇಜು ಅಂತ ಪೊಯಿನಾಚಿಗೆ ಹೋಗಿ, ದೇರಳಕಟ್ಟೆಗೆ ಹೋಗಿ, ಸುಳ್ಯಕ್ಕೆ ಹೋಗಿ, ಹೋದಲ್ಲೆಲ್ಲ ಹೊಸ ಎಕ್ಸ್‌ರೇ ಬೇಡ. ಸೆಫಲೋಗ್ರಾಂನ ಮೂಲ ಡಿಜಿಟಲ್ ಫೈಲನ್ನು, ಪಕ್ಕದ ಸ್ಕೇಲ್ ಕಾಣುವ ಹಾಗೆ, ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಫಿಲ್ಮನ್ನು ಕಿಟಕಿಗೆ ಹಿಡಿದು ವಾಟ್ಸಾಪಿನಲ್ಲಿ ಫೋಟೊ ಕಳಿಸಿದರೆ ಕೋನಗಳನ್ನು ಅಂದಾಜು ನೋಡಬಹುದು, ವಿಟ್ಸ್‌ನಂಥ ಮಿಲಿಮೀಟರ್ ಅಳತೆ ತೆಗೆಯಲಾಗದು.

ಪೈವಳಿಕೆ ಅಕ್ಕ

ಫೇಸ್ ಮಾಸ್ಕಿನ ಗದ್ದದ ಪ್ಯಾಡ್ ಅಡಿಯಲ್ಲಿ ಮಳೆಗಾಲದಲ್ಲಿ ಬೆವರು ನಿಂತು ಚರ್ಮ ಕೆಂಪಾಗ್ತದೆ. ಹತ್ತಿಯ ಗಾಜ್ ಎರಡು ಪದರ ಇಟ್ಟು ದಿನಾ ಬದಲಿಸಿ, ಎಣ್ಣೆ ಹಚ್ಚಬೇಡಿ, ಪ್ಯಾಡ್ ಜಾರ್ತದೆ.

ಅವನ ಅಂಗುಳ ಇಕ್ಕಟ್ಟಾಗಿದ್ದರೆ ಫೇಸ್ ಮಾಸ್ಕಿನ ಜೊತೆ ಅಗಲ ಮಾಡುವ ಹೈರಾಕ್ಸ್ ಸ್ಕ್ರೂವನ್ನೂ ಅಂಟಿಸ್ತಾರೆ. ಅದನ್ನು ಮನೆಯಲ್ಲಿ ನೀವೇ ತಿರುಗಿಸಬೇಕು, ಹೆಚ್ಚಾಗಿ ಬೆಳಗ್ಗೆ ಒಂದು ಸಂಜೆ ಒಂದು, ಒಂದು ತಿರುವಿಗೆ 0.25 ಮಿ.ಮೀ. ಕೀಲಿಯನ್ನು ರಂಧ್ರಕ್ಕೆ ಹಾಕಿ ಮುಂದಿನಿಂದ ಹಿಂದಕ್ಕೆ ಪೂರ್ತಿ ತಳ್ಳಿ, ಮುಂದಿನ ರಂಧ್ರ ಕಂಡ ಮೇಲೆಯೇ ಕೀಲಿ ತೆಗೆಯಿರಿ. ಅರ್ಧಕ್ಕೆ ತೆಗೆದರೆ ಮರುದಿನ ರಂಧ್ರವೇ ಸಿಗುವುದಿಲ್ಲ. ಕೀಲಿಗೆ ದಾರ ಕಟ್ಟಿ ಇನ್ನೊಂದು ತುದಿಯನ್ನು ನಿಮ್ಮ ಕೈಗೆ ಕಟ್ಟಿಕೊಳ್ಳಿ, ಜಾರಿದರೆ ಗಂಟಲಿಗೆ ಹೋಗುವ ಸಾಮಾನು ಅದು. ಒಂದು ವಾರದಲ್ಲಿ ಮುಂದಿನ ಎರಡು ಹಲ್ಲಿನ ನಡುವೆ ಸಂದು ಬಿಡ್ತದೆ. ಅದು ಆಗಬೇಕಾದದ್ದೇ, ತಿರುವು ನಿಲ್ಲಿಸಿದ ಮೇಲೆ ತಾನಾಗಿ ಮುಚ್ಚಿಕೊಳ್ತದೆ. ಆ ಹೊತ್ತಿಗೆ ಹೆದರಿ ಹಿಂದೆ ತಿರುಗಿಸಬೇಡಿ. ಹತ್ತು ದಿನ ಕಳೆದರೂ ಸಂದು ಕಾಣದೆ ಬರೀ ನೋವು ಜಾಸ್ತಿ ಆಗ್ತಾ ಹೋದರೆ ತಿರುವು ನಿಲ್ಲಿಸಿ ಹಾಕಿದವರಿಗೆ ಫೋನ್ ಮಾಡಿ.